ಶಾಲೆಗಾಗಿ ಕತ್ತರಿಸಿದ ಪುಟಗಳು

ಕೆನಡಾದ ಚಿತ್ರಕಲಾವಿದೆ ಎಮಿಲಿ ಕಾರ್ (1871–1945) ಪಶ್ಚಿಮ ಕರಾವಳಿಯ ದಟ್ಟ ಕಾಡುಗಳಲ್ಲಿ ಅಲೆದು, ಮೂಲನಿವಾಸಿಗಳ ಹಳ್ಳಿಗಳನ್ನೂ ಅವರು ಸೀಡರ್ ಮರದಲ್ಲಿ ಕೆತ್ತಿ ನಿಲ್ಲಿಸಿದ ಟೋಟೆಮ್ ಕಂಬಗಳನ್ನೂ ಚಿತ್ರಿಸಿದರು. ಸದಾ ತೇವದ ಆ ನಾಡಿನಲ್ಲಿ ಸೀಡರ್ ಕೂಡ ಕೊನೆಗೆ ಶಿಲೀಂಧ್ರಗಳ ಪಾಲು.

1937ರಲ್ಲಿ ಹೃದಯಾಘಾತವಾದ ಮೇಲೆ ಆಕೆ ಬರವಣಿಗೆಯತ್ತ ಹೆಚ್ಚು ವಾಲಿದರು. ಆ ನೆನಪುಗಳೇ 1941ರ 'ಕ್ಲೀ ವಿಕ್'. ಯುಕ್ಲೂಲೆಟ್‌ನ ಜನ ಆಕೆಗಿಟ್ಟ ಹೆಸರದು, ಅರ್ಥ, 'ನಗುವವಳು'. ಪುಸ್ತಕಕ್ಕೆ ಗವರ್ನರ್ ಜನರಲ್ ಪ್ರಶಸ್ತಿಯೂ ಬಂತು.

ಆದರೆ 1951ರಲ್ಲಿ ಶಾಲೆಗಳಿಗೆಂದು ಹೊರಬಂದ ಆವೃತ್ತಿಯಲ್ಲಿ ಮಿಷನರಿಗಳನ್ನು ಟೀಕಿಸಿದ ಭಾಗಗಳು ಮಾಯವಾಗಿದ್ದವು! ಅವು ಮರಳಿದ್ದು ಅರ್ಧ ಶತಮಾನದ ನಂತರ. ಆ ಆವೃತ್ತಿ ಓದಿದ ಮಕ್ಕಳಿಗೆ ಕಾಡು ಸಿಕ್ಕಿತು. ಅಲ್ಲಿನವರ ನೋವು ಪೂರ್ತಿ ಸಿಗಲಿಲ್ಲ.

ಪುಸ್ತಕದಲ್ಲಿ ಏನಿದೆ ಎಂದು ಮಕ್ಕಳನ್ನು ಕೇಳುತ್ತೇವೆ. ಏನಿಲ್ಲ ಎಂದೂ ಒಮ್ಮೆ ಕೇಳೋಣ.