ಸೇಲಂ ಬಿಳಿಕಲ್ಲಿನ ಗುಟ್ಟು: ಅಂತರ ಕಡಿಮೆ, ಹಿಡಿತ ಜಾಸ್ತಿ

ಧರ್ಮಪುರಿ: ಇಲ್ಲಿಂದ ಓಮಲೂರು ದಾಟಿ ಸೇಲಂ ಕಡೆ ಹೋಗುವವರಿಗೆ ಏರ್ಕಾಡು ಬೆಟ್ಟದ ತಪ್ಪಲಿನ ಬೆಳ್ಳನೆಯ ಗಣಿಗುಡ್ಡಗಳು ಹೊಸದಲ್ಲ. ‘ಅದು ಸುಣ್ಣದ ಕಲ್ಲು ಕಣೋ’ ಅಂತ ಮಕ್ಕಳಿಗೆ ಹೇಳಿ ಸುಮ್ಮನಾಗುವವರೇ ಹೆಚ್ಚು. ಬ್ರಿಟಿಷರೂ ಅದನ್ನು ‘ಚಾಕ್ ಹಿಲ್ಸ್’ ಅಂದರು. ನಿಜವಾಗಿ ಅದು ಮ್ಯಾಗ್ನಸೈಟ್. ಸೇಲಂ ಬಳಿಯ ರೈಲು ನಿಲ್ದಾಣವೊಂದಕ್ಕೆ ಮ್ಯಾಗ್ನಸೈಟ್ ಜಂಕ್ಷನ್ ಎಂದೇ ಹೆಸರು.

ಸುಣ್ಣದ ಕಲ್ಲಿನ ಹರಳಿಗೂ ಇದರ ಹರಳಿಗೂ ಒಂದೇ ವಿನ್ಯಾಸ. ಬ್ರಿಟಿಷ್ ವಿಜ್ಞಾನಿ ಲಾರೆನ್ಸ್ ಬ್ರಾಗ್ 1914ರಲ್ಲಿ ಎಕ್ಸ್-ಕಿರಣದಿಂದ ಆ ವಿನ್ಯಾಸ ಬಿಡಿಸಿ ತೋರಿಸಿದರು. ಲೋಹದ ಪ್ರತಿ ಅಣುವಿನ ಸುತ್ತ ಆರು ಆಮ್ಲಜನಕ. ಸುಣ್ಣದ ಕಲ್ಲಿನಲ್ಲಿ ಆ ಲೋಹ ಕ್ಯಾಲ್ಸಿಯಂ. ಆಮ್ಲಜನಕದಿಂದ ಅದರ ದೂರ ಸುಮಾರು 2.36 ಆಂಗ್‌ಸ್ಟ್ರಾಂ. ಇಲ್ಲಿ ಚಿಕ್ಕ ಗಾತ್ರದ ಮೆಗ್ನೀಸಿಯಂ, ದೂರ 2.10 ಮಾತ್ರ. ಒಂದು ಆಂಗ್‌ಸ್ಟ್ರಾಂ ಎಂದರೆ ಮಿಲಿಮೀಟರಿನಲ್ಲಿ ಕೋಟಿಗೊಂದು ಪಾಲು. ಇಷ್ಟೇ ವ್ಯತ್ಯಾಸಕ್ಕೆ ಕಲ್ಲು ಗಟ್ಟಿಯಾಗುತ್ತದೆ, ತೂಕ ಏರುತ್ತದೆ. ತಣ್ಣನೆಯ, ನೀರು ಬೆರೆಸಿದ ಆಮ್ಲ ಬಿದ್ದರೆ ಸುಣ್ಣದ ಕಲ್ಲು ಬುಸುಬುಸು ನೊರೆಯೇಳುತ್ತದೆ; ಇದು ಅಷ್ಟು ಬೇಗ ಬಗ್ಗೋದಿಲ್ಲ.

ಕಲ್ಲು ಸುಟ್ಟಾಗ ಸಿಗುವ ಮೆಗ್ನೀಷಿಯಾದ ಹರಳು ಅಡುಗೆಮನೆಯ ಉಪ್ಪಿನ ಹರಳಿನಂತೆಯೇ ಜೋಡಣೆಯಾಗಿದೆ. ಆದರೆ ಉಪ್ಪು 801 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ, ಇದಕ್ಕೆ ಸುಮಾರು 2,800 ಡಿಗ್ರಿ ಬೇಕು. ಉಪ್ಪಿನಲ್ಲಿ ಅಣುಗಳ ಅಂತರ 2.8 ಆಂಗ್‌ಸ್ಟ್ರಾಂ, ಇದರಲ್ಲಿ 2.1. ಮೇಲಾಗಿ ಪ್ರತಿ ಅಣುವಿನ ವಿದ್ಯುದಂಶವೂ ಇಮ್ಮಡಿ. ಹೀಗೆ ಬಿಗಿಹಿಡಿತ. ಉಕ್ಕಿನ ಕುಲುಮೆಯ ಒಳಗೋಡೆಗೆ ಇದರ ಇಟ್ಟಿಗೆ ಕಟ್ಟುವುದು ಇದಕ್ಕೇ.

ಸುಡುವ ಹದ ತಪ್ಪಿದರೆ ಮಾತ್ರ ಅಪಾಯ. ಕಡಿಮೆ ಕಾವಿನಲ್ಲಿ ಸುಟ್ಟ ಮೆಗ್ನೀಷಿಯಾ ತೇವ ಹೀರಿ ಉಬ್ಬುತ್ತದೆ, ಅದರಿಂದ ಮಾಡಿದ ಇಟ್ಟಿಗೆ ಬಿರಿಯುತ್ತದೆ. 1,500 ಡಿಗ್ರಿ ಮೀರಿ ಸುಟ್ಟರೆ ಹರಳು ದೊಡ್ಡದಾಗಿ ಬೆಳೆದು ಸಂದು ಮುಚ್ಚುತ್ತದೆ. ನೀರಿಗೆ ಸುಲಭದ ದಾರಿ ಇರೋದಿಲ್ಲ. ಕುಲುಮೆಯ ಮುಂದೆ ನಿಂತ ಕಾರ್ಮಿಕನ ಜೀವಕ್ಕೆ ಕಾವಲು ಆ ಗೋಡೆಯೇ.

ಇದಕ್ಕೊಂದು ಬೆಲೆಯೂ ಇದೆ. 100 ಕಿಲೋ ಶುದ್ಧ ಕಲ್ಲು ಸುಟ್ಟರೆ ಉಳಿಯುವುದು ಸುಮಾರು 48 ಕಿಲೋ. ಮಿಕ್ಕ 52 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಸುಟ್ಟ ಇಂಧನದ ಹೊಗೆ ಬೇರೆ. ಮುಂದಿನ ಸಲ ರೈಲಿನ ಕಿಟಕಿಯಲ್ಲಿ ಆ ಬಿಳಿಗುಡ್ಡ ಕಂಡಾಗ ಮಕ್ಕಳಿಗೆ ಇಷ್ಟು ಹೇಳಿದರೂ ಸಾಕು, ಅದು ಸುಣ್ಣವಲ್ಲ.