ನೋಯದ ಹುಣ್ಣಿನ ಬೆಲೆ

ಬೆಳಗಾವಿಯಲ್ಲಿ ನನ್ನ ಸೇವಾವಧಿಯ ಕಡೆಯ ವರ್ಷಗಳಲ್ಲಿ ಖಾನಾಪುರದವನೊಬ್ಬ ನನ್ನ ವಾಹನದ ಚಾಲಕನಾಗಿದ್ದ. ಸುಣ್ಣ ಬೆರೆಸಿದ ತಂಬಾಕನ್ನು ಅಂಗೈಯಲ್ಲಿ ತಿಕ್ಕಿ ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳುವುದೊಂದೇ ಅವನ ಚಟ. ಒಮ್ಮೆ ಜಾಂಬೋಟಿಯಲ್ಲಿ ಚಹಾಕ್ಕೆ ನಿಂತಾಗ, ‘ಬಿಸಿ ತಾಗಿದ್ರ ಬಾಯಿ ಉರೀತೈತ್ರೀ ಸಾಹೇಬ್ರ’ ಎಂದ. ಕೆನ್ನೆಯ ಒಳಭಾಗದಲ್ಲಿ ಒರೆಸಿದರೂ ಹೋಗದ ಬಿಳಿಯ ಮಚ್ಚೆಯೊಂದಿತ್ತು. ಉಳಿದ ಹೊತ್ತಿನಲ್ಲಿ ನೋವಿದೆಯೇ ಎಂದು ಕೇಳಿದೆ. ಇಲ್ಲವೆಂದ. ಹಾಗಾದರೆ ಚಿಂತೆಯಿಲ್ಲ ಎಂದವನು ನಾನೇ.

ನೋವಿಲ್ಲದಿರುವುದು ಆರೋಗ್ಯದ ಲಕ್ಷಣವೆಂದು ನಂಬುವುದರಲ್ಲಿ ಓದಿದವರಿಗೂ ಓದದವರಿಗೂ ವ್ಯತ್ಯಾಸವಿಲ್ಲ. ಬಾಯಿಯ ಕ್ಯಾನ್ಸರು ಅನೇಕ ವೇಳೆ ಆರಂಭದಲ್ಲಿ ನೋಯುವುದೇ ಇಲ್ಲ. ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು-ಮೂರು ವಾರ ಕಳೆದರೂ ಮಾಯದ ಹುಣ್ಣು, ಖಾರ ಸೋಕಿದರೆ ಉರಿ, ದಿನೇ ದಿನೇ ಕಿರಿದಾಗುತ್ತಾ ಬರುವ ಬಾಯಿ, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಕುತ್ತಿಗೆಯಲ್ಲಿನ ಗಂಟು: ಇವುಗಳಲ್ಲಿ ಹೆಚ್ಚಿನವನ್ನು ಕಣ್ಣಿನಿಂದಲೇ ಕಾಣಬಹುದು. ಮಚ್ಚೆಗಳೆಲ್ಲ ಕ್ಯಾನ್ಸರಾಗುವುದಿಲ್ಲ, ನಿಜ. ಆದರೆ ಯಾವುದು ಆದೀತೆಂಬುದನ್ನು ನಿರ್ಣಯಿಸಬೇಕಾದವರು ವೈದ್ಯರೇ ಹೊರತು ನನ್ನಂಥ ಅಧಿಕಾರಿಯಲ್ಲ. ಸ್ತನದಲ್ಲಿನ ಗಂಟು, ಮುಟ್ಟು ನಿಂತ ಮೇಲಿನ ರಕ್ತಸ್ರಾವ, ವಾರಗಟ್ಟಲೆ ಒಡೆದಿರುವ ದನಿ, ಮಲದಲ್ಲಿ ರಕ್ತ, ಅಕಾರಣವಾಗಿ ಇಳಿಯುವ ತೂಕ ಇವುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಅರ್ಥಶಾಸ್ತ್ರ ಓದಿದ ನನಗೆ ವಿಳಂಬದ ಲೆಕ್ಕ ಅರ್ಥವಾಗದ್ದಲ್ಲ. ಪರೀಕ್ಷೆಗೆ ಹೋದರೆ ಇಂದಿನ ಕೂಲಿ ಖಚಿತವಾಗಿ ನಷ್ಟ; ಹೋಗದಿದ್ದರೆ ನಾಳಿನ ನಷ್ಟ ಅನಿಶ್ಚಿತ. ದಿನಗೂಲಿಯವನು ಮೊದಲನೆಯದಕ್ಕೆ ಹೆದರುವುದು ಅವಿವೇಕವಲ್ಲ. ಇದೇ ಜಿಲ್ಲೆಯ ನಿಪ್ಪಾಣಿಯಲ್ಲಿ 1981ರಲ್ಲಿ ತಂಬಾಕು ಬೆಳೆಗಾರರು ಶರದ್ ಜೋಶಿಯವರ ನೇತೃತ್ವದಲ್ಲಿ ನ್ಯಾಯಬೆಲೆಗಾಗಿ ದೊಡ್ಡ ಹೋರಾಟವನ್ನೇ ನಡೆಸಿದರು. ಎಲೆಯ ಬೆಲೆಗೆ ಹೋರಾಟವಾಯಿತು. ಅದನ್ನು ಅಗಿದ ಬಾಯಿಯ ಬೆಲೆಯನ್ನು ಯಾರೂ ಕಟ್ಟಲಿಲ್ಲ. ಗುಟ್ಕಾವನ್ನು ರಾಜ್ಯ 2013ರಲ್ಲಿ ನಿಷೇಧಿಸಿತಾದರೂ ಬಿಡಿ ತಂಬಾಕು ಮತ್ತು ಸುಣ್ಣದ ಡಬ್ಬಿ ಅಂಗಿಯ ಜೇಬಿನಲ್ಲೇ ಉಳಿದವು.

ಒಂದು ಕಾಲಕ್ಕೆ ಇಲ್ಲಿನವರಿಗೆ ಕ್ಯಾನ್ಸರ್ ಎಂದರೆ ಹುಬ್ಬಳ್ಳಿಯ ನವನಗರ, ಇಲ್ಲವೇ ಬೆಂಗಳೂರಿನ ಕಿದ್ವಾಯಿ. 2025ರ ಜನವರಿಯಲ್ಲಿ ಬೆಳಗಾವಿಯಲ್ಲೇ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ಮೂವತ್ತು ದಾಟಿದವರೆಲ್ಲರ ಬಾಯಿಯನ್ನು ಐದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು, ಮಹಿಳೆಯರಲ್ಲಿ ಸ್ತನ ಹಾಗೂ ಗರ್ಭಕಂಠವನ್ನೂ ನೋಡಬೇಕು ಎಂದು ಕೇಂದ್ರ ಸರ್ಕಾರ 2016ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಬಾಯಿಯ ಪರೀಕ್ಷೆಗೆ ಬೇಕಾದದ್ದು ಟಾರ್ಚು, ಕೈಗವಸು ಮತ್ತು ತಿಳಿದವರ ಕಣ್ಣು, ಅಷ್ಟೆ. ಸುತ್ತೋಲೆಗಳಿಗೆ ಸಹಿ ಹಾಕುತ್ತಲೇ ನಿವೃತ್ತನಾದ ನಾನು, ಅವು ಕಾಡಂಚಿನ ಹಳ್ಳಿಯನ್ನು ತಲುಪುವ ವೇಗವನ್ನು ಬಲ್ಲೆ.

ನನ್ನ ಚಾಲಕ ಆಸ್ಪತ್ರೆಗೆ ಹೋದದ್ದು ಹತ್ತು ತಿಂಗಳ ನಂತರ, ಕುತ್ತಿಗೆಯಲ್ಲಿ ಗಂಟು ಎದ್ದ ಮೇಲೆ. ದವಡೆಯ ಒಂದು ಭಾಗ ಹೋಯಿತು. ಬಳಿಕ ವಿಕಿರಣ ಚಿಕಿತ್ಸೆ. ಅವನು ಬದುಕಿದ್ದಾನೆ, ಅನ್ನವನ್ನು ಗಂಜಿಯಾಗಿಸಿ ಉಣ್ಣುತ್ತಾನೆ. ಹಬ್ಬಕ್ಕೆ ತಪ್ಪದೆ ಫೋನು ಮಾಡುತ್ತಾನೆ. ಅವನು ಆಡಿದ್ದು ನನಗೆ ತಿಳಿಯದಾದಾಗ ಅವನ ಹೆಂಡತಿ ಫೋನು ತೆಗೆದುಕೊಂಡು ಬಿಡಿಸಿ ಹೇಳುತ್ತಾಳೆ.