ಯುದ್ಧವಿಮಾನದಿಂದ ನಾಗರಿಕತೆಯವರೆಗೆ: ಮೈಕ್ರೊಪ್ರೋಸ್ ನಡೆದ ದಾರಿ

ಮೈಕ್ರೊಪ್ರೋಸ್ ಕಂಪನಿ ಹುಟ್ಟಿದ್ದು 1982ರಲ್ಲಿ, ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಹಂಟ್ ವ್ಯಾಲಿಯಲ್ಲಿ. ಸ್ಥಾಪಕರು ಇಬ್ಬರು: ವಾಯುಪಡೆಯ ಪೈಲಟ್ ಆಗಿದ್ದ ಬಿಲ್ ಸ್ಟೀಲಿ ಮತ್ತು ಪ್ರೋಗ್ರಾಮರ್ ಸಿಡ್ ಮೈಯರ್. ಆಗ ಇಬ್ಬರೂ ಜನರಲ್ ಇನ್‌ಸ್ಟ್ರುಮೆಂಟ್ ಕಂಪನಿಯ ನೌಕರರು. ಲಾಸ್ ವೇಗಸ್‌ನಲ್ಲಿ ನಡೆದ ಸಮ್ಮೇಳನದ ಬಿಡುವಿನಲ್ಲಿ ಅವರು ‘ರೆಡ್ ಬ್ಯಾರನ್’ ಎಂಬ ವಿಮಾನ ಕಾಳಗದ ಆರ್ಕೇಡ್ ಆಟ ಆಡಿದರು. ಪೈಲಟ್ ಸೋತರು, ಪ್ರೋಗ್ರಾಮರ್ ಗೆದ್ದರು. ಶತ್ರು ವಿಮಾನಗಳು ಯಾವ ಕ್ರಮದಲ್ಲಿ ಬರುತ್ತವೆ ಎಂಬುದನ್ನು ಮೈಯರ್ ನೋಡುತ್ತಲೇ ಗ್ರಹಿಸಿದ್ದರು. ಇದಕ್ಕಿಂತ ಒಳ್ಳೆಯ ಆಟವನ್ನು ತಾನು ಬರೆಯಬಲ್ಲೆ ಎಂದರು ಮೈಯರ್. ಬರೆದರೆ ಮಾರುವ ಹೊಣೆ ತನ್ನದು ಎಂದರು ಸ್ಟೀಲಿ. ಆ ಮಾತಿನ ಫಲವೇ ‘ಹೆಲ್‌ಕ್ಯಾಟ್ ಏಸ್’.

ಮೊದಲ ವರ್ಷಗಳಲ್ಲಿ ಕಂಪನಿಯ ಮುಖ್ಯ ಬೆಳೆ ಸೇನಾ ಸಿಮ್ಯುಲೇಟರ್‌ಗಳು. ‘ಎಫ್-15 ಸ್ಟ್ರೈಕ್ ಈಗಲ್’ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. 1985ರ ‘ಸೈಲೆಂಟ್ ಸರ್ವಿಸ್’ ಆಟಗಾರರನ್ನು ಎರಡನೇ ಮಹಾಯುದ್ಧದ ಜಲಾಂತರ್ಗಾಮಿಯೊಳಗೆ ಕೂರಿಸಿದರೆ, 1986ರ ‘ಗನ್‌ಶಿಪ್’ ಅಪಾಚೆ ಹೆಲಿಕಾಪ್ಟರನ್ನು ಅವರ ಕೈಗೆ ಕೊಟ್ಟಿತು. ಆಟದ ಜೊತೆ ಬರುತ್ತಿದ್ದ ದಪ್ಪ ಕೈಪಿಡಿಗಳನ್ನು ಓದದೆ ಈ ಯಂತ್ರಗಳನ್ನು ನಡೆಸುವುದು ಕಷ್ಟವಾಗಿತ್ತು.

1987ರ ‘ಪೈರೇಟ್ಸ್’ ಬೇರೆ ದಾರಿ ತೋರಿತು. ಕೆರಿಬಿಯನ್ ಸಮುದ್ರದಲ್ಲಿ ವ್ಯಾಪಾರ ಮಾಡಬೇಕೋ, ಹಡಗು ದೋಚಬೇಕೋ, ಯಾವ ದೇಶದ ಪರ ನಿಲ್ಲಬೇಕೋ ಎಂಬುದೆಲ್ಲ ಆಟಗಾರರ ಇಷ್ಟಕ್ಕೆ ಬಿಟ್ಟದ್ದು. ಮೈಯರ್ ಹೆಸರು ಆಟದ ಶೀರ್ಷಿಕೆಯಲ್ಲೇ ಬಂದದ್ದೂ ಇದರಿಂದಲೇ. 1990ರಲ್ಲಿ ‘ರೈಲ್‌ರೋಡ್ ಟೈಕೂನ್’ ಬಂತು. ಹಳಿ ಹಾಕುವುದು, ರೈಲು ಓಡಿಸುವುದು, ಷೇರು ವ್ಯವಹಾರ ನಡೆಸುವುದು ಒಂದೇ ಆಟದಲ್ಲಿ ಹೆಣೆದುಕೊಂಡವು.

ಮರುವರ್ಷ, 1991ರಲ್ಲಿ, ಬ್ರೂಸ್ ಶೆಲ್ಲಿ ಜೊತೆ ಸೇರಿ ಮೈಯರ್ ರೂಪಿಸಿದ ‘ಸಿವಿಲೈಸೇಶನ್’ ಹೊರಬಂತು. ಕ್ರಿ.ಪೂ. 4000ದಲ್ಲಿ ಮೊದಲ ಊರು ಕಟ್ಟುವುದರಿಂದ ಆಟದ ಆರಂಭ. ಲಿಪಿ, ಚಕ್ರ, ಕಬ್ಬಿಣ ಎಂದು ಒಂದು ಅರಿವು ಇನ್ನೊಂದಕ್ಕೆ ಬಾಗಿಲು ತೆರೆಯುತ್ತದೆ. ಎಲ್ಲ ಎದುರಾಳಿಗಳನ್ನು ಸೋಲಿಸಿಯೂ ಗೆಲ್ಲಬಹುದು, ಆಲ್ಫಾ ಸೆಂಟಾರಿಗೆ ಆಕಾಶನೌಕೆ ಕಳಿಸಿಯೂ ಗೆಲ್ಲಬಹುದು. ಇಲ್ಲಿ ಭಾರತದ ನಾಯಕ ಮಹಾತ್ಮ ಗಾಂಧಿ. ಪ್ರೋಗ್ರಾಮಿನ ದೋಷದಿಂದ ಗಾಂಧಿ ಅಣುಬಾಂಬ್ ಪ್ರಿಯರಾದರು ಎಂಬ ಕಥೆ ವರ್ಷಗಟ್ಟಲೆ ಹರಿದಾಡಿತು. ಅಂಥ ದೋಷ ಇರಲೇ ಇಲ್ಲ ಎಂದು ಮೈಯರ್ 2020ರ ತಮ್ಮ ಆತ್ಮಕಥನದಲ್ಲಿ ಸ್ಪಷ್ಟಪಡಿಸಿದರು.

ಹೆಸರು ಉತ್ತುಂಗದಲ್ಲಿದ್ದಾಗಲೇ ಹಣಕಾಸು ಕುಸಿಯಿತು. ಆರ್ಕೇಡ್ ಯಂತ್ರಗಳ ತಯಾರಿಕೆಗೆ ಕೈಹಾಕಿದ್ದು ನಷ್ಟ ತಂದಿತು. 1993ರಲ್ಲಿ ಕಂಪನಿ ಸ್ಪೆಕ್ಟ್ರಮ್ ಹೋಲೋಬೈಟ್ ಪಾಲಾಯಿತು. ಸ್ವಲ್ಪದರಲ್ಲೇ ಸ್ಟೀಲಿ ಹೊರನಡೆದರು. ಆದರೂ ಹೊರಗಿನ ಪ್ರತಿಭೆಗಳನ್ನು ಗುರುತಿಸುವ ಕಣ್ಣು ಮಂಕಾಗಲಿಲ್ಲ. ‘ಮಾಸ್ಟರ್ ಆಫ್ ಓರಿಯನ್’, ಜೂಲಿಯನ್ ಗೊಲಪ್ ವಿನ್ಯಾಸದ ‘ಎಕ್ಸ್-ಕಾಮ್’, ಕ್ರಿಸ್ ಸಾಯರ್ ಬರೆದ ‘ಟ್ರಾನ್ಸ್‌ಪೋರ್ಟ್ ಟೈಕೂನ್’ 1993–94ರಲ್ಲಿ ಇದೇ ಹೆಸರಿನಡಿ ಪ್ರಕಟವಾದವು.

1996ರಲ್ಲಿ ಮೈಯರ್, ಜೆಫ್ ಬ್ರಿಗ್ಸ್ ಮತ್ತು ಬ್ರಯಾನ್ ರೆನಾಲ್ಡ್ಸ್ ಹೊರಬಂದು ಫೈರಾಕ್ಸಿಸ್ ಕಟ್ಟಿದರು. 1998ರಲ್ಲಿ ಮೈಕ್ರೊಪ್ರೋಸನ್ನು ಹ್ಯಾಸ್ಬ್ರೊ 7 ಕೋಟಿ ಡಾಲರ್‌ಗೆ ಕೊಂಡಿತು. 2001ರಲ್ಲಿ ಅದು ಫ್ರಾನ್ಸಿನ ಇನ್ಫೋಗ್ರಾಮ್ಸ್ ಕೈ ಸೇರಿತು. 2003ರಲ್ಲಿ ಹಂಟ್ ವ್ಯಾಲಿಯ ಸ್ಟುಡಿಯೊ ಮುಚ್ಚಿತು. ‘ಸಿವಿಲೈಸೇಶನ್’ ಹಕ್ಕು ಟೇಕ್-ಟೂ ಸಂಸ್ಥೆಗೆ ಹೋಯಿತು. ಫೈರಾಕ್ಸಿಸ್ ಕೂಡ ಅದೇ ಸಂಸ್ಥೆಯ ಭಾಗವಾದ್ದರಿಂದ ಆಟ ಮತ್ತೆ ಹಳೆಯ ಕೈಗಳ ಆರೈಕೆಗೆ ಬಂತು. 2025ರಲ್ಲಿ ಅದರ ಏಳನೇ ಆವೃತ್ತಿ ಬಂದಿದೆ.

ಮೈಕ್ರೊಪ್ರೋಸ್ ಹೆಸರಿಗೆ ಡೇವಿಡ್ ಲಗೆಟ್ಟಿ ಮರುಜೀವ ಕೊಟ್ಟಿದ್ದಾರೆ. ಸಿಮ್ಯುಲೇಟರ್ ಮತ್ತು ಸ್ಟ್ರ್ಯಾಟಜಿ ಆಟಗಳು ಮತ್ತೆ ಆ ಹೆಸರಿನಲ್ಲಿ ಬರುತ್ತಿವೆ. ಒಡೆತನ ಐದಾರು ಕೈ ಬದಲಾದರೂ ಉಳಿದು ಬಂದದ್ದು, ಆಟಗಾರರ ತೀರ್ಮಾನಕ್ಕೆ ಬೆಲೆ ಕೊಟ್ಟ ಆ ಆಟಗಳು.